ಸೋದರತ್ತೆಯವರು ಕಂಡ ಮುಂಬಯಿ

ಬೇಸಗೆಯ ರಜೆಯು ಸಮೀಪಿಸುತ್ತಿರುವುದು. ಶಾಲೆಗಳು ಮುಚ್ಚಿದ ಕೂಡಲೆ ಪಟ್ಟಣದ ಮಕ್ಕಳು ಹಳ್ಳಿಗೂ, ಹಳ್ಳಿಯ ಬಂಧುಗಳು ಪಟ್ಟಣಕ್ಕೂ ಹೊರಡತಕ್ಕ ಕಾಲವಿದು. ನಮ್ಮ ವಾಚಕರಲ್ಲಿ ದೊಡ್ಡ ನಗರಗಳಲ್ಲಿ ಮನೆ ಮಾಡಿಕೊಂಡಿರುವವರು ಅನೇಕರಿದ್ದಾರೆ. ನಗರವನ್ನು ಎಂದೂ ಕಾಣದ ಒಬ್ಬ ಅತಿಥಿಗಳಾದರೂ ಈ ಎರಡು ತಿಂಗಳಲ್ಲಿ ಅವರ ಮನೆಗೆ ಬಾರದೆ ಇರಲಾರರು. ಹಾಗೆ ಬಂದವರಿಗೆ ಊರು ತೋರಿಸುವ ಹೊಣೆಯು ಮನೆಯ ಯಜಮಾನರದು. ಈ ಹೊಣೆಯನ್ನು ನಾವು ಹೇಗೆ ನಿರ್ವಹಿಸಿದೆವು, ಅದರಲ್ಲಿ ಎಲ್ಲಿ ತಪ್ಪಿದೆವು ಎಂಬುದನ್ನು ಈ ತಿಂಗಳು ಮುಚ್ಚುಮರೆಯಿಲ್ಲದೆ ನಿವೇದಿಸಬೇಕೆಂದು ಎಣಿಸಿದ್ದೇವೆ. ಪರರ ತಪ್ಪನ್ನು ಎತ್ತಿ ಉಪದೇಶ ಮಾಡುವುದಕ್ಕಿಂತ ತನ್ನ ತಪ್ಪನ್ನು ಹೇಳಿಕೊಂಡು ಎಚ್ಚರಿಸುವುದು ಮೇಲಲ್ಲವೆ?

ನಾವು ಮುಂಬಯಿಯ ಬಳಿಯ ಡೊಂಬಿವಲಿಯಲ್ಲಿ ವಾಸಿಸಲಾರಂಭಿಸಿ 26 ವರ್ಷಗಳಾದವು. ಕಳೆದ ಮಾಘಮಾಸದಲ್ಲಿ ನಮ್ಮ ಸೋದರತ್ತೆಯವರು ನಮ್ಮಲ್ಲಿಗೆ ಬಂದಿದ್ದರು. ಅವರ ಊರು ವಿಜಯಪುರದಿಂದ ಮೂರು ಹರದಾರಿಯ ಮೇಲಿರುವ ಒಂದು ಸಣ್ಣ ಹಳ್ಳಿ. ಮಳೆ ಬಂದು ನಿಂತ ಮುಂಜಾನೆಗಳಲ್ಲಿ ಅವರ ಹೊಲದ ಬದುವಿನಿಂದ ಗೋಲಗುಮ್ಮಟವು ಬೋರಲು ಹಾಕಿದ ಬೋಗುಣಿಯಂತೆ ಕಾಣುವುದುಂಟು. ಅತ್ತೆಯವರಿಗೆ ಈಗ 72 ವರ್ಷ. ಕಳೆದ ವರ್ಷ ಎರಡೂ ಕಣ್ಣುಗಳ ಪೊರೆ ತೆಗೆಸಿಕೊಂಡು ದೃಷ್ಟಿ ತಿಳಿಯಾದ ತರುವಾಯ, "ಇನ್ನ ಒಮ್ಮೆ ಮುಂಬಯಿ ನೋಡಬೇಕು" ಎಂದು ಮಗನಿಗೆ ಹೇಳಿದರಂತೆ. ಅವನು ಸೊಲ್ಲಾಪುರದ ಮಾರ್ಗವಾಗಿ ರೈಲಿನಲ್ಲಿ ಕರೆತಂದು, ನಮ್ಮ ಮನೆಯಲ್ಲಿ ಬಿಟ್ಟು, ಕೆಲಸದ ನಿಮಿತ್ತ ಪುಣೆಗೆ ಹೋದನು. ರವಿವಾರ ರಾತ್ರಿ ಅವರು ಹಿಂದಿರುಗತಕ್ಕದ್ದಿತ್ತು. ನಮ್ಮ ಕೈಯಲ್ಲಿದ್ದುದು ಶನಿವಾರದ ಒಂದು ಹಗಲು ಮಾತ್ರ.

ಶುಕ್ರವಾರ ರಾತ್ರಿಯೇ ನಾವು ಒಂದು ಪಟ್ಟಿಯನ್ನು ಬರೆದೆವು. ಅದರಲ್ಲಿ 11 ಸ್ಥಳಗಳಿದ್ದವು. ಎಷ್ಟು ಗಂಟೆಗೆ ಎಲ್ಲಿರಬೇಕು, ಎಲ್ಲಿಂದ ಎಲ್ಲಿಗೆ ಯಾವ ವಾಹನ ಎಂಬುದೆಲ್ಲವನ್ನೂ ಗುರುತು ಮಾಡಿ, ಒಂದು ರಾಜ್ಯವನ್ನೇ ಗೆಲ್ಲಲು ಹೊರಟವರಂತೆ ಹೆಮ್ಮೆಪಟ್ಟೆವು. ನಮ್ಮ ಗೃಹಿಣಿಯು ಆ ಪಟ್ಟಿಯನ್ನು ನೋಡಿ, "ಅತ್ತೆಯವರಿಗೆ ಏನು ನೋಡಬೇಕೆಂದಿದೆಯೋ ಒಮ್ಮೆ ಕೇಳಬಾರದೆ?" ಎಂದಳು. "ಎಂದೂ ಕಾಣದವರಿಗೆ ಏನು ನೋಡಬೇಕೆಂಬುದು ಹೇಗೆ ತಿಳಿಯಬೇಕು?" ಎಂದು ನಾವು ನಕ್ಕುಬಿಟ್ಟೆವು. ವಾಚಕರು ಈ ಮಾತನ್ನು ನೆನಪಿನಲ್ಲಿಡಬೇಕು. ಆ ದಿನದ ನಮ್ಮ ತಪ್ಪುಗಳೆಲ್ಲ ಈ ಒಂದು ಮಾತಿನಿಂದ ಹುಟ್ಟಿದವು. ನಮ್ಮ ಗೃಹಿಣಿ ವಾದಿಸಲಿಲ್ಲ. ಮನೆಯ ವಿಳಾಸವನ್ನೂ ನಮ್ಮ ಮೊಬೈಲಿನ ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದು ಅತ್ತೆಯವರ ಎಲೆಅಡಿಕೆಯ ಸಂಚಿಯೊಳಗೆ ಇಟ್ಟಳು. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಮಗಳಿಗೆ ಪರೀಕ್ಷೆಯಿದ್ದುದರಿಂದ ಅವಳು ನಮ್ಮೊಡನೆ ಬರುವಂತಿರಲಿಲ್ಲ.

ಮುಂಜಾನೆ ಏಳೂವರೆಗೆ ಲೋಕಲ್ ರೈಲು ಹತ್ತಿದೆವು. ಮುಂಬಯಿಯ ಈ ಲೋಕಲ್ ರೈಲುಗಳಲ್ಲಿ ದಿನವೊಂದಕ್ಕೆ 70 ಲಕ್ಷಕ್ಕೆ ಮಿಕ್ಕಿದ ಜನರು ಸಂಚರಿಸುವರು. ಶನಿವಾರವಾದುದರಿಂದ ನಮಗೆ ಕುಳಿತುಕೊಳ್ಳಲು ಸ್ಥಳ ದೊರೆಯಿತು. ಠಾಣೆಯನ್ನು ದಾಟುವಾಗ ನಾವು ನಮ್ಮ ವಿದ್ವತ್ತನ್ನು ಪ್ರದರ್ಶಿಸಿದೆವು. ನಮ್ಮ ದೇಶದಲ್ಲಿ ಜನರನ್ನು ಹೊತ್ತ ಮೊದಲ ರೈಲು 1853ನೆಯ ಇಸವಿಯ ಏಪ್ರಿಲ್ 16ರಂದು ಓಡಿದ್ದು ಬೋರೀಬಂದರದಿಂದ ಇದೇ ಠಾಣೆಗೆ. ದೂರ 34 ಕಿಲೋಮೀಟರು. ಗಾಡಿಯನ್ನು ಎಳೆದವು ಮೂರು ಎಂಜಿನುಗಳು. ಅತ್ತೆಯವರು ಕಿಟಕಿಯ ಹೊರಗೆ ನೋಡುತ್ತ, "ಇದೇ ಗಾಡಿಯಾಗ ಹೊಕ್ಕಿದ್ರ ಅವರೂ?" ಎಂದರು. ಅವರೆಂದರೆ ಯಾರೆಂದು ನಾವು ವಿಚಾರಿಸಲಿಲ್ಲ. ನಮ್ಮ ಗಮನವು ಗಡಿಯಾರದ ಮೇಲಿತ್ತು.

ರೈಲು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ಬಂದಿತು. ಹಳಬರು ವಿಕ್ಟೋರಿಯಾ ಟರ್ಮಿನಸ್ ಎಂದು ಕರೆಯುತ್ತಿದ್ದ ನಿಲ್ದಾಣವಿದು. ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬ ಶಿಲ್ಪಿಯ ನಕ್ಷೆಯಂತೆ 1878ರಲ್ಲಿ ಕಟ್ಟಲಾರಂಭಿಸಿದ ಈ ಭವನವು ಮುಗಿಯಲು ಹತ್ತು ವರ್ಷ ಹಿಡಿಯಿತು. 2004ರಲ್ಲಿ ಯುನೆಸ್ಕೋ ಸಂಸ್ಥೆಯವರು ಇದನ್ನು ವಿಶ್ವಪರಂಪರೆಯ ತಾಣಗಳಲ್ಲಿ ಸೇರಿಸಿದರು. ಕಲ್ಲಿನಲ್ಲಿ ಕಡೆದ ನವಿಲು, ಮಂಗ, ಎಲೆಬಳ್ಳಿಗಳನ್ನು ತೋರಿಸುತ್ತ ನಾವು ಕಾಲು ಗಂಟೆ ಕಳೆದೆವು. ಅತ್ತೆಯವರು ಎಲ್ಲವನ್ನೂ ನೋಡಿ, "ಭಾಳ ಛಂದ ಐತಿ" ಎಂದರು. ಅನಂತರ ಟ್ಯಾಕ್ಸಿ ಹಿಡಿದು ಗೇಟ್‌ವೇ ಆಫ್ ಇಂಡಿಯಾದ ಕಡೆಗೆ ಹೊರಟೆವು.

ನಿಲ್ದಾಣದ ಮಗ್ಗುಲಿನ ರಸ್ತೆಯಲ್ಲಿ ಟ್ಯಾಕ್ಸಿ ತಿರುಗುತ್ತಲೇ ಅತ್ತೆಯವರು ತಟ್ಟನೆ ಮುಂದಕ್ಕೆ ಬಾಗಿ ನಮ್ಮ ತೋಳು ಹಿಡಿದರು.

"ತಮ್ಮಾ, ಅದೇನದು? ನಮ್ಮ ಗುಮ್ಮಟದ್ಹಾಂಗ ಕಾಣತೈತಿ!"

ನಾವು ಅತ್ತ ನೋಡಿ, "ಅದೇನಿಲ್ಲ ಅತ್ತೀ, ಅದು ಪೋಸ್ಟ್ ಆಫೀಸು. ಮುಂದೆ ಇನ್ನೂ ದೊಡ್ಡ ದೊಡ್ಡವು ಇವೆ," ಎಂದೆವು. ಅವರು ಹಿಂದಿರುಗಿ ನೋಡುತ್ತಲೇ ಇದ್ದರು. "ಪೋಸ್ಟ್ ಆಫೀಸs ಏನು?" ಎಂದು ಇನ್ನೊಮ್ಮೆ ಕೇಳಿದರು. "ಹೌದು, ಎಲ್ಲ ಊರಲ್ಲಿಯೂ ಇರುವಂಥಾದ್ದೇ," ಎಂದುಬಿಟ್ಟೆವು. ಪಟ್ಟಿಯಲ್ಲಿ ಅದು ಇರಲಿಲ್ಲ.

ಗೇಟ್‌ವೇ ಆಫ್ ಇಂಡಿಯಾ ಎಂಬ ಹೆಬ್ಬಾಗಿಲನ್ನು ಐದನೆಯ ಜಾರ್ಜ್ ದೊರೆಯೂ ಮೇರಿ ರಾಣಿಯೂ 1911ರಲ್ಲಿ ಬಂದಿಳಿದುದರ ನೆನಪಿಗಾಗಿ ಕಟ್ಟಿದರು. ಜಾರ್ಜ್ ವಿಟೆಟ್ ಎಂಬವರ ನಕ್ಷೆಯ ಆ ಕಟ್ಟಡವು 1924ರಲ್ಲಿ ಪೂರ್ಣವಾಯಿತು. ಎತ್ತರ 85 ಅಡಿ. ದೊರೆಯ ಆಗಮನಕ್ಕಾಗಿ ಎದ್ದ ಅದೇ ಬಾಗಿಲಿನಿಂದ 1948ನೆಯ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ದಂಡು ಹೊರಬಿದ್ದಿತೆಂಬುದನ್ನು ಕೇಳಿ ಅತ್ತೆಯವರು ನಕ್ಕು, "ಬಾಗಲಾ ಕಟ್ಟಿಸಿದ್ದು ಹೋಗಲಿಕ್ಕs ಆತು" ಎಂದರು. ಕಡಲನ್ನು ಅವರು ಕಂಡದ್ದು ಅದೇ ಮೊದಲು. ಬಹಳ ಹೊತ್ತು ನಿಲ್ಲುವ ಮನಸ್ಸು ಅವರಿಗಿತ್ತು. ನಮ್ಮ ಪಟ್ಟಿಯು ಅದಕ್ಕೆ ಇಪ್ಪತ್ತು ನಿಮಿಷಗಳನ್ನು ಮಾತ್ರ ಕೊಟ್ಟಿತ್ತು.

ಅಲ್ಲಿಂದ ವಸ್ತುಸಂಗ್ರಹಾಲಯಕ್ಕೆ ನಡೆದೆವು. ಮೊದಲು ಪ್ರಿನ್ಸ್ ಆಫ್ ವೇಲ್ಸರ ಹೆಸರಿನಲ್ಲಿದ್ದು ಈಗ ಛತ್ರಪತಿ ಶಿವಾಜಿ ಮಹಾರಾಜರ ಹೆಸರನ್ನು ಪಡೆದಿರುವ ಈ ಸಂಗ್ರಹಾಲಯವು 1922ರಲ್ಲಿ ಜನರಿಗೆ ತೆರೆಯಲ್ಪಟ್ಟಿತು. ಅದಕ್ಕೂ ಮುಂಚೆ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಈ ಕಟ್ಟಡವು ಆಸ್ಪತ್ರೆಯಾಗಿದ್ದಿತು. ಶಿಲ್ಪಗಳ ಅಂಗಳದಲ್ಲಿ ಐಹೊಳೆಯ ಗುಡಿಯೊಂದರ ಚಾವಣಿಯಿಂದ ಬಂದ ಬ್ರಹ್ಮನ ಶಿಲ್ಪವಿದೆ; ಅದು ಸುಮಾರು ಏಳನೆಯ ಶತಮಾನದ್ದು. ಐಹೊಳೆಯೆಂಬ ಹೆಸರು ಕೇಳುತ್ತಲೇ ಅತ್ತೆಯವರು ಅಲ್ಲಿಯೇ ನಿಂತರು. ಐಹೊಳೆಯಿರುವ ಇಂದಿನ ಬಾಗಲಕೋಟೆ ಜಿಲ್ಲೆಯು 1997ರವರೆಗೆ ವಿಜಯಪುರ ಜಿಲ್ಲೆಯ ಭಾಗವೇ ಆಗಿದ್ದುದರಿಂದ ಅವರಿಗೆ ಅದು ತಮ್ಮ ಮನೆಯ ಕಲ್ಲು.

"ಪಾಪ, ಇದೂ ನಮ್ಮ ಕಡಿಯಿಂದ ದುಡೀಲಿಕ್ಕೆ ಬಂದೈತಿ ನೋಡು," ಎಂದರು.

ನಾವು ಈ ಮಾತನ್ನು ಕೇಳಿ ನಕ್ಕೆವೇ ಹೊರತು, ಅವರು ನಗಲಿಲ್ಲವೆಂಬುದನ್ನು ಲಕ್ಷಿಸಲಿಲ್ಲ.

ಫೋರ್ಟ್ ಭಾಗದ ಒಂದು ಉಡುಪಿ ಹೋಟೆಲಿನಲ್ಲಿ ಬುತ್ತಿಯ ರೊಟ್ಟಿಗೆ ಮೊಸರನ್ನು ತರಿಸಿ ಊಟ ಮಾಡಿದೆವು. ಬಡಿಸುವವನು ಕನ್ನಡದಲ್ಲಿ, "ಅಜ್ಜಿ, ಇನ್ನು ಸ್ವಲ್ಪ ಬೇಕಾ?" ಎಂದುದನ್ನು ಕೇಳಿ ಅತ್ತೆಯವರಿಗೆ ಪರಮಾಶ್ಚರ್ಯವಾಯಿತು. ತುಳುನಾಡಿನ ಎಷ್ಟೋ ಹುಡುಗರು ಈ ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದರೆಂಬುದನ್ನು ಹೇಳಿದೆವು. "ರಾತ್ರಿಸಾಲಿ ನಮ್ಮವರಿಗೆ ಸಿಗಲಿಲ್ಲ" ಎಂದು ಅವರು ಮೆಲ್ಲಗೆ ಅಂದುಕೊಂಡರು. ಆಗಲೂ ನಾವು ಕೇಳಲಿಲ್ಲ.

ಊಟವಾದ ಮೇಲೆ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರವನ್ನು ಕಾಲುದಾರಿಯಿಂದಲೇ ತೋರಿಸಿದೆವು. 1878ರಲ್ಲಿ ಮುಗಿದ, 280 ಅಡಿ ಎತ್ತರದ ಆ ಗಡಿಯಾರದ ಗೋಪುರಕ್ಕೆ ಹಣವಿತ್ತ ಪ್ರೇಮಚಂದ ರಾಯಚಂದರು ತಮ್ಮ ತಾಯಿಯ ಹೆಸರನ್ನೇ ಇಡಿಸಿದರೆಂಬುದು ಅತ್ತೆಯವರಿಗೆ ಮೆಚ್ಚುಗೆಯಾಯಿತು. ಅಲ್ಲಿಂದ ಮರೀನ್ ಡ್ರೈವಿಗೆ ಹೋದರೆ ಎರಡು ಗಂಟೆಯ ಬಿಸಿಲು ಕಲ್ಲಿನ ಕಟ್ಟೆಯನ್ನು ಹಂಚಿನಂತೆ ಕಾಯಿಸಿತ್ತು. ಸಂಜೆಗೆ ನೋಡತಕ್ಕ ಸ್ಥಳವನ್ನು ನಾವು ಮಧ್ಯಾಹ್ನ ತೋರಿಸಿದೆವು. ಪಟ್ಟಿಯಲ್ಲಿ ಸಂಜೆಗೆ ಬೇರೆ ಸ್ಥಳಗಳಿದ್ದವು! ಅತ್ತೆಯವರ ಮೊಣಕಾಲು ನೋಯುತ್ತಿದ್ದಿತು. ಅವರು ಹೇಳಲಿಲ್ಲ, ಸೆರಗಿನಿಂದ ಒತ್ತಿಕೊಳ್ಳುತ್ತಿದ್ದರು.

ಮುಂದಿನದು ಸಿದ್ಧಿವಿನಾಯಕನ ದರ್ಶನ. ಚರ್ಚ್‌ಗೇಟ್ ನಿಲ್ದಾಣದಿಂದ ದಾದರಿಗೆ ರೈಲು ಹಿಡಿದೆವು. ಲೋವರ್ ಪರೇಲ್ ಬರುತ್ತಲೇ ಅತ್ತೆಯವರು, "ಇಲ್ಲಿ ಗಿರಣಿ ಇರತಾವಲಾ, ಎಲ್ಲಿ?" ಎಂದರು. "ಅವು ಈಗ ಇಲ್ಲ ಅತ್ತೀ, ಆ ಜಾಗಗಳಲ್ಲಿ ಮಾಲುಗಳು, ಆಫೀಸಿನ ಗೋಪುರಗಳು ಎದ್ದಿವೆ," ಎಂದು ಗಾಜಿನ ಕಟ್ಟಡಗಳನ್ನು ತೋರಿಸಿದೆವು. ಅವರು ಮಾತಾಡಲಿಲ್ಲ.

ದಾದರಿನಲ್ಲಿ ಆಗಬಾರದ್ದು ಆಯಿತು. ಲೋಕಲ್ ರೈಲು ನಿಲ್ದಾಣದಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದು ಅಪರೂಪ. ಅತ್ತೆಯವರನ್ನು ಮುಂದೆ ಇಳಿಸಿ ನಾವು ಹಿಂದೆ ಇಳಿಯಬೇಕಾಗಿತ್ತು. ಅದನ್ನು ಬಿಟ್ಟು ದಾರಿ ಮಾಡುವೆವೆಂದು ನಾವು ಮುಂದಾದೆವು. ಇಳಿದು ತಿರುಗಿ ಕೈ ಚಾಚುವಷ್ಟರಲ್ಲಿ ಹತ್ತುವವರ ನೂಕು ನಮ್ಮಿಬ್ಬರ ನಡುವೆ ಹೊಕ್ಕಿತು. ಅವರ ಹಸುರು ಸೀರೆಯು ಜನರ ಭುಜಗಳ ನಡುವೆ ಒಮ್ಮೆ ಕಂಡಿತು, ರೈಲು ಹೊರಟುಹೋಯಿತು.

ವಾಚಕರೇ, ಮುಂದಿನ ಇಪ್ಪತ್ತು ನಿಮಿಷಗಳನ್ನು ನಾವು ಮರೆಯುವುದು ಸಾಧ್ಯವಿಲ್ಲ. ಅತ್ತೆಯವರಿಗೆ ಹಿಂದಿ ಬಾರದು. ಕೈಯಲ್ಲಿ ಮೊಬೈಲಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದರೋ, ಕೊನೆಯವರೆಗೆ ಹೋದರೋ, ಗಾಬರಿಯಿಂದ ಓಡುವ ಗಾಡಿಯ ಬಾಗಿಲಿಗೆ ಬಂದರೋ ಎಂದು ಮನಸ್ಸು ಕೆಟ್ಟದ್ದನ್ನೇ ಎಣಿಸುತ್ತಿದ್ದಿತು. ನಾವು ಸ್ಟೇಷನ್ನಿನ ಪೊಲೀಸರಿಗೆ ಅವರ ಉಡುಪಿನ ಗುರುತನ್ನು ಹೇಳುತ್ತಿರುವಾಗಲೇ ನಮ್ಮ ಮೊಬೈಲು ಬಾರಿಸಿತು. ಹೆಂಗಸೊಬ್ಬಳು ಮರಾಠಿಯಲ್ಲಿ, "ನಿಮ್ಮ ಅಜ್ಜಿ ಮಾಟುಂಗಾ ರೋಡಿನಲ್ಲಿ ನನ್ನ ಹತ್ತಿರ ಇದ್ದಾರೆ. ಅವಸರ ಮಾಡಬೇಡಿ, ನಿಧಾನವಾಗಿ ಬನ್ನಿ," ಎಂದಳು.

ಹೋಗಿ ನೋಡಲಾಗಿ ಅತ್ತೆಯವರು ಬೆಂಚಿನ ಮೇಲೆ ಕುಳಿತು, ಆ ಹೆಂಗಸಿಗೆ ಸಂಚಿಯಿಂದ ಎಲೆಅಡಿಕೆ ಕೊಡುತ್ತಿದ್ದರು. ಅವಳು ದಾದರಿನ ಪೇಟೆಯಿಂದ ಹೂವು ಕೊಂಡು ಹೋಗುವವಳು. ವಿಜಯಪುರದ ಕಡೆಯವರಿಗೆ ಅಷ್ಟಿಷ್ಟು ಮರಾಠಿ ಬರುವುದರಿಂದ ಇಬ್ಬರಿಗೂ ಮಾತು ಸಾಗಿತ್ತು. ಸಂಚಿಯೊಳಗಿನ ಚೀಟಿಯನ್ನು ಓದಿ ಅವಳೇ ಕರೆ ಮಾಡಿ, ತನ್ನ ರೈಲನ್ನು ಬಿಟ್ಟು ಕುಳಿತಿದ್ದಳು. ನಾವು ಕೈಮುಗಿಯುವಷ್ಟರಲ್ಲಿ ಮುಂದಿನ ಗಾಡಿ ಬಂದಿತು. ಅವಳು ಬುಟ್ಟಿಯನ್ನೆತ್ತಿಕೊಂಡು ಏರಿಬಿಟ್ಟಳು. ಹೆಸರನ್ನು ಕೇಳಲೂ ಆಗಲಿಲ್ಲ.

ನಮ್ಮ ಬೆವರನ್ನೂ ನಡುಗುವ ಕೈಯನ್ನೂ ನೋಡಿ ಅತ್ತೆಯವರೇ ನಮಗೆ ಸಮಾಧಾನ ಹೇಳಿದರು. "ಯಾಕಷ್ಟು ಗಾಬರಿ ಆಗ್ತಿ ತಮ್ಮಾ? ನಾ ಎಲ್ಲಿ ಹೋಗ್ತಿದ್ದೆ? ಕುಂಡ್ರು, ನೀರು ಕುಡಿ."

ನೀರು ಕುಡಿದು ನಾವು ಪಟ್ಟಿಯನ್ನು ಮಡಿಚಿ ಕಿಸೆಗೆ ಹಾಕಿದೆವು. ಮುಂಜಾನೆಯೇ ಕೇಳತಕ್ಕದ್ದನ್ನು ನಾಲ್ಕು ಗಂಟೆಗೆ ಕೇಳಿದೆವು: "ಅತ್ತೀ, ನಿಮಗೇನು ನೋಡಬೇಕು?"

"ಮುಂಜಾನೆ ಕಂಡೆನಲಾ, ಆ ಗುಮ್ಮಟದ ಪೋಸ್ಟು. ಅದೊಂದು ನೋಡಿದ್ರ ಸಾಕು."

ಹಿಂದಿರುಗುವ ರೈಲಿನಲ್ಲಿ ಅವರು ಕಥೆಯನ್ನು ಹೇಳಿದರು. ನಮ್ಮ ಮಾವನವರು, ಎಂದರೆ ಅತ್ತೆಯವರ ಯಜಮಾನರು, 1972ರ ಬರಗಾಲದಲ್ಲಿ ಹೊಲ ಒಣಗಿದಾಗ ಮುಂಬಯಿಗೆ ಬಂದು ಪರೇಲಿನ ಕಡೆಯ ಒಂದು ಬಟ್ಟೆಯ ಗಿರಣಿಯಲ್ಲಿ ಕೆಲಸಕ್ಕೆ ನಿಂತರೆಂಬುದು ನಮಗೆ ಗೊತ್ತಿದ್ದಿತು. ಮಿಕ್ಕದ್ದು ಗೊತ್ತಿರಲಿಲ್ಲ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಸಂಬಳವಾದ ಮೇಲೆ ರಜೆಯ ಪಾಳಿ ನೋಡಿಕೊಂಡು ಫೋರ್ಟಿನ ದೊಡ್ಡ ಅಂಚೆಯ ಮನೆಗೆ ಬರುತ್ತಿದ್ದರು. ಅದರ ಎದುರಿಗೆ ತಾಡಪತ್ರಿಯ ನೆರಳಿನಲ್ಲಿ ಸಾಲಾಗಿ ಕುಳಿತು, ಓದುಬರಹ ಬಾರದವರಿಗೆ ಮನಿಯಾರ್ಡರಿನ ಫಾರ್ಮು ತುಂಬಿ ಕಾಗದ ಬರೆದುಕೊಡುವವರು ಇದ್ದರು. ಅವರಲ್ಲೊಬ್ಬನು ಫಾರ್ಮಿನ ಕೆಳಗಿನ ತುಂಡಿನಲ್ಲಿ ಮರಾಠಿಯಲ್ಲಿ ನಾಲ್ಕು ಸಾಲು ಬರೆಯುತ್ತಿದ್ದನು. ಹಳ್ಳಿಯ ಮಾಸ್ತರರು ಅದನ್ನು ಓದಿ ಅತ್ತೆಯವರಿಗೆ ಹೇಳುತ್ತಿದ್ದರು.

ಹಾಗೆ ಬಂದ ಮೊದಲ ತುಂಡುಗಳಲ್ಲೊಂದು ಇಂದಿಗೂ ಅತ್ತೆಯವರ ಸಂಚಿಯಲ್ಲಿದೆ. ಮಡಿಕೆಯಲ್ಲಿ ಹರಿದು, ಅಡಿಕೆಯ ಬಣ್ಣ ಹತ್ತಿರುವ ಅದನ್ನು ನಮಗೆ ತೋರಿಸಿದರು. ಅದರಲ್ಲಿ ಕ್ಷೇಮಸಮಾಚಾರದ ತರುವಾಯ ಇದ್ದುದು ಇಷ್ಟು: ಇಲ್ಲಿಯ ದೊಡ್ಡ ಪೋಸ್ಟು ನಮ್ಮ ಗುಮ್ಮಟದ ಹಾಗೆಯೇ ಇದೆ, ನೋಡಿದರೆ ಊರು ಹತ್ತಿರವಿದ್ದಂತೆ ಆಗುತ್ತದೆ, ನೀನು ಬಂದಾಗ ತೋರಿಸುತ್ತೇನೆ.

ಮಾಸ್ತರರು ಇದನ್ನು ಅಗಸಿಯ ಕಟ್ಟೆಯಲ್ಲಿ ಓದಿದರು. ಕಟ್ಟೆಯವರೆಲ್ಲ ನಕ್ಕರು. ಗುಮ್ಮಟ ಜಗತ್ತಿಗೆ ಒಂದೇ. ಅದು ನಮ್ಮ ವಿಜಯಪುರದ್ದು. ಮುಂಬಯಿಯಲ್ಲಿ ಎಲ್ಲಿಂದ ಬರಬೇಕು? ಮಾವನವರು ಊರಿಗೆ ಬಂದಾಗಲೆಲ್ಲ "ಮುಂಬಯಿ ಗುಮ್ಮಟ ಬಂತು" ಎಂದು ಹಾಸ್ಯ ಮಾಡುವುದು ವಾಡಿಕೆಯಾಯಿತು. ಅದು ಹಾಸ್ಯವಾಗಿಯೇ ಉಳಿದಿದ್ದರೆ ಚಿಂತೆಯಿರಲಿಲ್ಲ. 1982ನೆಯ ಜನವರಿ 18ರಂದು ಮುಂಬಯಿಯ ಬಟ್ಟೆಯ ಗಿರಣಿಗಳಲ್ಲಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಷ್ಕರವು ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಬಂದರು. ವರ್ಷ ಕಳೆದರೂ ಇತ್ಯರ್ಥವಾಗಲಿಲ್ಲ. ಅನೇಕ ಗಿರಣಿಗಳು ಮತ್ತೆ ತೆರೆಯಲೇ ಇಲ್ಲ. ಮನಿಯಾರ್ಡರು ನಿಂತಿತು. ಗಿರಣಿಗಳೆಲ್ಲ ನಿಂತಿವೆಯೆಂದು ಮಾವನವರು ಬರೆಯಿಸಿದ್ದನ್ನು ಅವರ ಅಣ್ಣತಮ್ಮಂದಿರು ನಂಬಲಿಲ್ಲ. ಇಷ್ಟು ದೊಡ್ಡ ಊರಿನ ಗಿರಣಿಗಳೆಲ್ಲ ಒಮ್ಮೆಗೇ ನಿಲ್ಲುವುದುಂಟೆ? ಗುಮ್ಮಟದ ಸುಳ್ಳು ಹೇಳಿದವನ ಮತ್ತೊಂದು ಸುಳ್ಳು ಇದು, ದುಡ್ಡನ್ನೆಲ್ಲ ಅಲ್ಲಿಯೇ ಹಾಳುಮಾಡುತ್ತಿದ್ದಾನೆ, ಎಂದರು. ಕೂಡಿದ ಮನೆಯಲ್ಲಿ ಅತ್ತೆಯವರೂ ಮಗುವೂ ಉಣ್ಣುವ ರೊಟ್ಟಿಯ ಮೇಲೆ ಮಾತು ಬಂದಿತು. 1983ರಲ್ಲಿ ಮಾವನವರು ಬರಿಗೈಯಲ್ಲಿ ಹಿಂದಿರುಗಿದರು. ಮತ್ತೆ ಮುಂಬಯಿಗೆ ಹೋಗಲಿಲ್ಲ. ಗುಮ್ಮಟದ ಮಾತನ್ನು ಎತ್ತಲೂ ಇಲ್ಲ. 2009ರಲ್ಲಿ ತೀರಿಕೊಂಡರು.

"ಮೊಮ್ಮಗ ಮೊಬೈಲಿನಾಗ ಚಿತ್ರ ತೋರಿಸಿದ್ದ. ಆಗ ನನ್ನ ಕಣ್ಣಿಗೆ ಪೊರಿ ಬಂದಿತ್ತು, ಮಂಜ ಮಂಜ ಕಾಣತಿತ್ತು. ನಾನs ಬಂದು ನೋಡಬೇಕು ಅನಿಸ್ತು. ನಾನೂ ಒಮ್ಮೊಮ್ಮೆ ಅವರ ಮಾತು ನಂಬಿದ್ದಿಲ್ಲ, ತಮ್ಮಾ," ಎಂದು ಅತ್ತೆಯವರು ಕೊನೆಯಲ್ಲಿ ಹೇಳಿದರು.

ನಾವು ಅಂಚೆಯ ಮನೆಯ ಎದುರಿಗೆ ಬಂದು ನಿಂತಾಗ ಇಳಿಬಿಸಿಲು ಗುಮ್ಮಟದ ಮೇಲೆ ಬಿದ್ದಿತ್ತು. ಕಪ್ಪು ಬೆಸಾಲ್ಟಿನ ಗೋಡೆ, ಕುರ್ಲಾದ ಹಳದಿ ಕಲ್ಲಿನ ಅಂಚು, ನಡುವೆ ಎದ್ದ ದೊಡ್ಡ ಗುಮ್ಮಟ. ಜಾನ್ ಬೆಗ್ ಎಂಬ ಶಿಲ್ಪಿಯು ವಿಜಯಪುರದ ಗೋಲಗುಮ್ಮಟವನ್ನು ಮಾದರಿಯಾಗಿಟ್ಟುಕೊಂಡು ಇದರ ನಕ್ಷೆಯನ್ನು ಮಾಡಿದರೆಂಬುದು ಪ್ರಸಿದ್ಧವಾದ ಸಂಗತಿ. 1904ರಲ್ಲಿ ಕೆಲಸ ಹಿಡಿದು 1913ರಲ್ಲಿ ಮುಗಿಸಿದರು. ಪ್ರಸಿದ್ಧವೆಂದೆವಷ್ಟೆ, ಆದರೆ 26 ವರ್ಷಗಳಿಂದ ಅದರ ಮುಂದೆ ಹಾದುಹೋಗುತ್ತಿದ್ದ ನಮಗೆ ಅದು ತಿಳಿದದ್ದು ಅಂದು ರಾತ್ರಿ ಮನೆಗೆ ಬಂದು ಪುಸ್ತಕ ತೆರೆದಾಗ. ಅಕ್ಷರ ಬಾರದ ಗಿರಣಿಯ ಕೆಲಸಗಾರರೊಬ್ಬರು ಬಂದ ಮೊದಲ ವರ್ಷವೇ ಅದನ್ನು ಬರಿಯ ಕಣ್ಣಿನಿಂದ ಗುರುತಿಸಿದ್ದರು.

ಅತ್ತೆಯವರು ರಸ್ತೆಯ ಆಚೆಯಿಂದ ಬಹಳ ಹೊತ್ತು ನೋಡಿದರು. ಬಳಿಕ ಒಳಗೆ ಹೋಗಿ ಗುಮ್ಮಟದ ಕೆಳಗಿನ ವಿಶಾಲವಾದ ಹಜಾರದಲ್ಲಿ ನಿಂತು ತಲೆಯೆತ್ತಿದರು. ಮಹಮ್ಮದ ಆದಿಲಶಾಹನ ಗುಮ್ಮಟದಲ್ಲಿ ಒಂದು ಸದ್ದು ಏಳೆಂಟು ಸಲ ಮರುದನಿಗೊಡುವುದನ್ನು ವಿಜಯಪುರದ ಮಕ್ಕಳೆಲ್ಲ ಬಲ್ಲರು. ಅತ್ತೆಯವರೂ ಮೆಲ್ಲಗೆ "ಓ" ಎಂದರು. ಮರುದನಿ ಬರಲಿಲ್ಲ, ಕಿಟಕಿಯ ಹಿಂದಿನ ಗುಮಾಸ್ತರೊಬ್ಬರು ಮಾತ್ರ ತಲೆಯೆತ್ತಿ ನೋಡಿದರು.

"ಸಣ್ಣದೈತಿ," ಎಂದರು ಅತ್ತೆಯವರು. ಸ್ವಲ್ಪ ಹೊತ್ತಿನ ಮೇಲೆ, "ಆದರ ಗುಮ್ಮಟನs ಐತಿ."

ಆಮೇಲೆ ಒಂದು ಕಾರ್ಡು ಕೊಳ್ಳಲು ಹೇಳಿದರು. ಅವರ ಮಾತಿನಂತೆ ಅವರ ಮಗನಿಗೆ ನಾವು ಬರೆದುದು ಮೂರೇ ಸಾಲು: "ನಾನು ಮುಂಬಯಿಯ ದೊಡ್ಡ ಪೋಸ್ಟಿನೊಳಗೆ ನಿಂತು ಇದನ್ನು ಬರೆಸಿದ್ದೇನೆ. ಮೇಲೆ ಗುಮ್ಮಟ ಇದೆ. ನಿಮ್ಮಪ್ಪ ಹೇಳಿದ್ದು ಖರೆ. ಇದನ್ನು ಕಟ್ಟೆಯಲ್ಲಿ ಓದಿಸು." ಕಾರ್ಡನ್ನು ಪೆಟ್ಟಿಗೆಗೆ ಅವರೇ ತಮ್ಮ ಕೈಯಾರೆ ಹಾಕಿದರು. ಎಂಟು ದಿನಗಳ ಮೇಲೆ ಅವರ ಮಗನು ಮಾತಾಡಿದಾಗ, ಕಾರ್ಡು ಅವರಿಗಿಂತ ತಡವಾಗಿ ಊರು ಮುಟ್ಟಿತೆಂದೂ, ಅದನ್ನು ಅಗಸಿಯಲ್ಲಿ ಓದಲಾಯಿತೆಂದೂ ತಿಳಿಸಿದನು. ಮಾವನವರ ತಮ್ಮಂದಿರಲ್ಲಿ ಈಗ ಉಳಿದವರು ಒಬ್ಬರೇ. ಅವರು ಅದನ್ನು ಎರಡು ಸಲ ಓದಿಸಿ ಕೇಳಿ, ಏನೂ ಹೇಳದೆ ಎದ್ದು ಮನೆಗೆ ಹೋದರಂತೆ. ಮರುದಿನ ಮುಂಜಾನೆ ಅವರ ಮನೆಯಿಂದ ಅತ್ತೆಯವರಿಗೆ ಒಂದು ಚರಿಗೆ ಎಮ್ಮೆಯ ಹಾಲು ಬಂದಿತಂತೆ.

ಇನ್ನು ನಮ್ಮ ಗೃಹಸ್ಥ ವಾಚಕರಿಗೆ ನಾಲ್ಕು ಮಾತುಗಳು. ಅತಿಥಿಗಳಿಗೆ ಊರು ತೋರಿಸಲು ಹೊರಡುವ ಮುನ್ನಾ ದಿನವೇ, ನಿಮಗೇನು ನೋಡಬೇಕೆಂದಿದೆ ಎಂದು ಅವರನ್ನು ಕೇಳಿರಿ. ಸಂಕೋಚದಿಂದ "ಏನಾದರೂ ಆದೀತು" ಎಂದರೆ ಅದನ್ನೇ ಉತ್ತರವೆಂದು ತಿಳಿಯದೆ, ಈ ಊರಿನ ಹೆಸರನ್ನು ಮೊದಲು ಯಾರ ಬಾಯಿಂದ ಕೇಳಿದಿರಿ, ನಿಮ್ಮವರು ಯಾರಾದರೂ ಇಲ್ಲಿ ಇದ್ದರೆ ಎಂದು ವಿಚಾರಿಸಿರಿ. ಒಂದು ಹಗಲಿಗೆ ಮೂರು ನಾಲ್ಕು ಸ್ಥಳಗಳು ಸಾಕು. ಅವೂ ಒಂದರ ಸಮೀಪ ಒಂದಿರಲಿ. ಬಿಸಿಲಿನ ಹೊತ್ತನ್ನು ಸೂರಿನ ಕೆಳಗೆ ಕಳೆದು ಕಡಲ ತೀರವನ್ನು ಸಂಜೆಗೆ ಇಡತಕ್ಕದ್ದು. ವೃದ್ಧರು ಕಾಲು ನೋಯುತ್ತದೆಂದು ಹೇಳುವುದಿಲ್ಲ. ಗಂಟೆಗೊಮ್ಮೆ ನಾವಾಗಿಯೇ ಅವರನ್ನು ಕೂರಿಸಬೇಕು.

ರೈಲು, ಬಸ್ಸುಗಳಲ್ಲಿ ಅತಿಥಿಗಳನ್ನು ಮುಂದೆ ಹತ್ತಿಸಿ ಮುಂದೆಯೇ ಇಳಿಸಬೇಕು. ಮನೆಯವರು ಹಿಂದೆ ಇರಬೇಕು. ವಿಳಾಸವನ್ನೂ ಮೊಬೈಲಿನ ಸಂಖ್ಯೆಯನ್ನೂ, ಆ ಊರಿನವರು ಓದಬಲ್ಲ ಲಿಪಿಯಲ್ಲಿ ಬರೆದು, ಅವರು ಪದೇಪದೇ ಕೈ ಹಾಕುವ ಸಂಚಿಯಲ್ಲಿಡಿರಿ. ಒಂದು ವೇಳೆ ಅಗಲಿದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲಿಯ ಬೆಂಚಿನಲ್ಲಿಯೇ ಕುಳಿತಿರಬೇಕು, ನಾವೇ ಬರುತ್ತೇವೆ ಎಂಬುದನ್ನು ಮನೆಯಲ್ಲಿಯೇ ಹೇಳಿಟ್ಟಿರಿ. ನಮ್ಮ ಅತ್ತೆಯವರು ಇದನ್ನು ಯಾರೂ ಹೇಳದೆಯೇ ಮಾಡಿದರು. ಎಲ್ಲರಿಂದಲೂ ಆ ಧೈರ್ಯವನ್ನು ನಿರೀಕ್ಷಿಸಲಾಗದು.

ನಮ್ಮ ಪಟ್ಟಿಯ 11 ಸ್ಥಳಗಳಲ್ಲಿ ನಾವು ತೋರಿಸಿದುದು ಐದು. ಸಿದ್ಧಿವಿನಾಯಕನ ದರ್ಶನವೂ ತಪ್ಪಿತು. ರವಿವಾರ ರಾತ್ರಿ ರೈಲು ಹತ್ತಿಸುವಾಗ ಇದಕ್ಕಾಗಿ ನಾವು ಕ್ಷಮೆ ಕೇಳಿದೆವು. "ಮುಂದಿನ ಸಲ ನೋಡಿದರಾತು. ಈಗ ನೀ ಆ ಕಡೆ ಹೋದಾಗೊಮ್ಮೆ ನಮ್ಮ ಗುಮ್ಮಟಕ್ಕ ಕೈ ಮಾಡಿ ಹೋಗು," ಎಂದರು ಅತ್ತೆಯವರು. ಈಗ ವಾರಕ್ಕೊಮ್ಮೆಯಾದರೂ ಆ ಮಾರ್ಗವಾಗಿ ಹೋಗುವ ಪ್ರಸಂಗ ನಮಗಿದೆ; ಅವರ ಮಾತನ್ನು ನಡೆಸುತ್ತಿದ್ದೇವೆ.